ಎದೆಗೆ ಕಟ್ಟಿದ ಮಲ್ಲಿಗೆ

ನನಗೆ ಕೂತಲ್ಲಿ ಕೂಡುವುದು ಮೊದಲಿನಿಂದಲೂ ಬರುವುದಿಲ್ಲ. ಚಿಂಚೋಳಿಯ ತವರುಮನೆಯಲ್ಲಿ ಅವ್ವ ನನ್ನ ಜಡೆ ಹೆಣೆದು ಮುಗಿಸುವಷ್ಟರಲ್ಲಿ ನಾನು ಎರಡು ಸಲ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದೆನಂತೆ. ಇಂಥವಳ ಪಾಲಿಗೆ ಬಂದದ್ದು ಕಾಯುವುದನ್ನು ಬಿಟ್ಟು ಬೇರೇನೂ ಮಾಡಲಾಗದ ಕಾಯಿಲೆ. ಇದನ್ನು ಕಾಯಿಲೆ ಅನ್ನಬೇಕೋ ಬೇಡವೋ ಎಂಬುದೂ ನನಗೆ ತಿಳಿಯದು. ಜ್ವರವಿಲ್ಲ, ಕೆಮ್ಮಿಲ್ಲ, ನೋಡಿದವರು ಗುಂಡುಕಲ್ಲಿನಂಗ ಇದ್ದೀಯಲ್ಲ ಎನ್ನುತ್ತಾರೆ. ಒಂದು ಬಸಿರು ಹೋಯಿತು, ಆಮೇಲೆ ಇನ್ನೊಂದು ಆಗಲೇ ಇಲ್ಲ. ಹೇಳಿಕೊಳ್ಳಲು ಇಷ್ಟೇ ಇರುವುದು.

ನಾನು ಮಳಖೇಡದಲ್ಲಿ ಅಂಗನವಾಡಿ ಟೀಚರ್. ಗಂಡ ಶರಣು ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. ಒಂದು ವಾರ ಹಗಲು ಪಾಳಿ, ಇನ್ನೊಂದು ವಾರ ರಾತ್ರಿ ಪಾಳಿ. ಮನೆಯಲ್ಲಿ ಅತ್ತೆ, ಮೈದುನ ಮಲ್ಲು, ಅವನ ಹೆಂಡತಿ ರೇಣುಕಾ, ಅವರ ಇಬ್ಬರು ಗಂಡುಮಕ್ಕಳು. ರೇಣುಕಾ ನನಗಿಂತ ಚಿಕ್ಕವಳು, ನನ್ನ ನಂತರ ಆ ಮನೆಗೆ ಬಂದವಳು, ನನಗಿಂತ ಮೊದಲು ಎರಡು ಹಡೆದವಳು. ನನ್ನ ಕೆಲಸವೋ, ಓಣಿಯ ಬಸುರಿಯರ ಹೆಸರು ಬರೆದುಕೊಳ್ಳುವುದು, ಅವರಿಗೆ ಊಟ, ಮೊಟ್ಟೆ ಕೊಡುವುದು, ಹುಟ್ಟಿದ ಕೂಸುಗಳನ್ನು ತೂಗುವುದು. ಊರಿನ ಹೊಟ್ಟೆಗಳೆಲ್ಲ ನನ್ನ ಕಣ್ಣಮುಂದೆಯೇ ಬೆಳೆಯುತ್ತವೆ.

ನನ್ನದೂ ಬೆಳೆಯುತ್ತಿತ್ತು. ಐದನೇ ತಿಂಗಳು ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಕೂಸೊಂದನ್ನು ತಕ್ಕಡಿಯ ಜೋಳಿಗೆಯಲ್ಲಿ ಕೂರಿಸುತ್ತಿದ್ದೆ. ಸೊಂಟದೊಳಗೆ ಏನೋ ಕಳಚಿದಂತಾಯಿತು. ಕೂಸನ್ನು ಅದರ ತಾಯಿಯ ಕೈಗೆ ಕೊಟ್ಟು ಒಳಗೆ, ಅಡುಗೆ ಕೋಣೆಗೆ ಹೋದೆ. ನಮ್ಮ ಸಹಾಯಕಿ ಈರಮ್ಮ ನನ್ನ ಸೀರೆಯನ್ನೊಮ್ಮೆ ನೋಡಿ ಒಲೆ ಆರಿಸಿದಳು. ಅವಳು ಏನೂ ಕೇಳಲಿಲ್ಲ, ಅದಕ್ಕೇ ನನಗೆ ಗೊತ್ತಾಯಿತು.

ಸೇಡಂನ ಆಸ್ಪತ್ರೆಯಲ್ಲಿ ಏನೇನಾಯಿತು ಎಂಬುದನ್ನು ಬಿಡುತ್ತೇನೆ. ಅದನ್ನು ಅನುಭವಿಸಿದವರಿಗೆ ಹೇಳಬೇಕಿಲ್ಲ, ಅನುಭವಿಸದವರಿಗೆ ಹೇಳಿ ಪ್ರಯೋಜನವಿಲ್ಲ. ಶರಣು ಕಾರ್ಖಾನೆಯ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದಿದ್ದ; ಸಂಜೆಯವರೆಗೂ ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತೋಚಲಿಲ್ಲ. ಬಂದವರೆಲ್ಲ ಒಂದೇ ಮಾತು ಹೇಳಿದರು, ಇನ್ನೂ ವಯಸ್ಸದ, ಮತ್ತ ಆಗ್ತದ ಎಂದು. ಆ ಮಾತು ಕೇಳಿ ಕೇಳಿ ನನಗೆ ಸಿಟ್ಟು ಬಂತು. ಬಸ್ಸು ತಪ್ಪಿಸಿಕೊಂಡವಳಿಗೆ ಹೇಳುವ ಮಾತು ಅದು.

ಎಲ್ಲರೂ ಎಲ್ಲವನ್ನೂ ಹೇಳಿದರು, ಒಂದನ್ನು ಮಾತ್ರ ಯಾರೂ ಹೇಳಲಿಲ್ಲ. ಮನೆಗೆ ಬಂದ ಎರಡು ಮೂರು ದಿನಕ್ಕೆ ಎದೆ ಬಿಗಿಯಿತು, ಕಲ್ಲಾಯಿತು, ಮುಟ್ಟಿದರೆ ಕೆಂಡ. ಬೆಳಿಗ್ಗೆ ಎದ್ದಾಗ ಕುಪ್ಪಸ ತೋಯ್ದಿತ್ತು. ನನಗೆ ಹಾಲು ಬಂದಿತ್ತು. ಕುಡಿಯುವ ಬಾಯಿ ಇಲ್ಲವೆಂಬ ಸುದ್ದಿ ನನ್ನ ದೇಹಕ್ಕೆ ಯಾರೂ ಮುಟ್ಟಿಸಿರಲಿಲ್ಲ. ಬಾಗಿಲು ಹಾಕಿಕೊಂಡು ಕೂತೆ. ಆಸ್ಪತ್ರೆಯಲ್ಲಿ ಅಳದವಳು ಅಂದು ಅತ್ತುಬಿಟ್ಟೆ. ಅದೊಂದು ನಾಚಿಕೆಗೇಡಿನ ರೋಗವೆಂದು ನನಗನ್ನಿಸಿತ್ತು. ಇಷ್ಟು ಮಂದಿಗೆ ಹಾಲು ಕುಡಿಸುವ ಪಾಠ ಹೇಳಿದ ನನಗೆ, ಕೂಸು ಹೋದರೂ ಹಾಲು ಬರುತ್ತದೆಂದು ತಿಳಿದಿರಲಿಲ್ಲ.

ಬಾಗಿಲು ತೆಗೆಸಿದವರು ಅತ್ತೆ. ಕುಪ್ಪಸ ನೋಡಿದರು, ಮಲ್ಲುವನ್ನು ಕೂಗುತ್ತಾ ಹೋದರು. ಮಧ್ಯಾಹ್ನದ ಹೊತ್ತಿಗೆ ಮಲ್ಲು ಸೇಡಂನಿಂದ ಒಂದು ಪೊಟ್ಟಣ ತಂದ. ಅತ್ತೆ ಒಳಗೆ ಬಂದು, ತಮ್ಮ ಹಳೆಯ ಸೀರೆಯ ಉದ್ದನೆಯ ಪಟ್ಟಿ ಹರಿದುಕೊಂಡು, "ಕೈ ಮ್ಯಾಲ ಎತ್ತು," ಎಂದರು.

"ಏನ್ರಿ ಅತ್ತಿ ಇದು?"

"ಮಲ್ಲಿಗಿ. ಎದಿಗಿ ಕಟ್ಟಿದ್ರ ಹಾಲು ಹಿಂದ ಸರೀತಾವ. ಜರಾ ತಂಪೂ ಅನಸ್ತದ."

ಮಲ್ಲಿಗೆ ಮಾಲೆಗಳನ್ನು ಎದೆಗೆ ಸುತ್ತಿ, ಮೇಲೆ ಬಟ್ಟೆ ಬಿಗಿದು, ಬೆನ್ನ ಹಿಂದೆ ಗಂಟು ಹಾಕಿದರು. ಅವರ ಕೈ ಒರಟು, ಆದರೆ ಗಂಟು ಎಲ್ಲೂ ಒತ್ತಲಿಲ್ಲ. ಹೂ ಬಾಡಿದಂತೆ ಬದಲಾಯಿಸಿ ಹೊಸದು ಕಟ್ಟುತ್ತಿದ್ದರು. ಮನೆ ತುಂಬ ಮದುವೆಮನೆಯ ವಾಸನೆ. ನಾಲ್ಕೈದು ದಿನಕ್ಕೆ ಹಾಲು ನಿಂತಿತು. ಆವತ್ತಿನಿಂದ ನಾನು ಮಲ್ಲಿಗೆ ಮುಡಿದಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನವಳು ಮುಡಿದಿದ್ದರೂ ಎದ್ದು ನಿಂತುಬಿಡುತ್ತೇನೆ.

ಆಮೇಲೆ ಕಾಯುವುದು ಶುರುವಾಯಿತು. ಮೊದಲ ವರ್ಷ ಯಾರೂ ಗಾಬರಿಯಾಗಲಿಲ್ಲ. ಎರಡನೆಯ ವರ್ಷ ಓಣಿಯವರು ಆಗ್ಯದೇನು ಎಂದು ಕೇಳುವುದನ್ನು ಬಿಟ್ಟರು, ಅದು ಕೇಳುವುದಕ್ಕಿಂತ ಕೆಟ್ಟದು. ತಿಂಗಳ ಕೊನೆಗೆ ಒಂದೆರಡು ದಿನ ತಡವಾದರೆ ಸಾಕು, ನಾನು ನೆಲಕ್ಕೆ ಕಾಲು ಸಹ ಮೆಲ್ಲಗೆ ಇಡುತ್ತಿದ್ದೆ. ಮುಟ್ಟಾದ ದಿನ ಮನೆಯ ಪಾತ್ರೆಗಳನ್ನೆಲ್ಲ ಹೊರಗೆ ಹಾಕಿ ತಿಕ್ಕುತ್ತಿದ್ದೆ. ತಪ್ಪಲೆಯ ಸದ್ದು ಕೇಳಿಯೇ ಶರಣುಗೆ ಸುದ್ದಿ ತಿಳಿಯುತ್ತಿತ್ತು. ಅವನು ಬಂದು, ತಿಕ್ಕಿಟ್ಟದ್ದನ್ನು ಒಳಗೆ ಸಾಗಿಸುತ್ತಿದ್ದ. ಆ ಸಮಾಧಾನ ಕಂಡರೆ ನನಗೆ ಇನ್ನಷ್ಟು ಉರಿಯುತ್ತಿತ್ತು.

ಕಡೆಗೆ ಶಹಾಬಾದಿನ ಒಬ್ಬ ಡಾಕ್ಟರಮ್ಮನ ಬಳಿ ಹೋಗತೊಡಗಿದೆವು. ಮಳಖೇಡದಲ್ಲಿ ರೈಲು ಹತ್ತಿದರೆ ಚಿತ್ತಾಪುರ ದಾಟಿ ವಾಡಿ. ಅಲ್ಲಿ ಇಳಿದು, ಕಾದು, ಇನ್ನೊಂದು ರೈಲಿನಲ್ಲಿ ಶಹಾಬಾದ. ರಾತ್ರಿ ಪಾಳಿಯ ವಾರವಾದರೆ ಶರಣು ಹತ್ತಿದ ಕೂಡಲೇ ನಿದ್ದೆ ಹೋಗುತ್ತಿದ್ದ, ನಾನು ಬಾಗಿಲ ಬಳಿ ನಿಂತಿರುತ್ತಿದ್ದೆ. ಆಸ್ಪತ್ರೆಯ ಪಡಸಾಲೆಗೆ ಆ ಊರಿನದೇ ಹಾಸುಗಲ್ಲು, ಗೋಡೆಗುಂಟ ಕಲ್ಲಿನದೇ ಕಟ್ಟೆ. ಒಂದು ಬದಿಗೆ ಬಸುರಿಯರು, ಇನ್ನೊಂದು ಬದಿಗೆ ನಾವು. ಯಾರೂ ಹಾಗೆ ಕೂಡಿರೆಂದು ಹೇಳಿದ್ದಲ್ಲ, ಹೊಸದಾಗಿ ಬಂದವಳಿಗೂ ತನ್ನ ಬದಿ ಯಾವುದೆಂದು ಗೊತ್ತಾಗುತ್ತಿತ್ತು. ಬಸುರಿಯರು ಕಾಲು ಚಾಚಿಕೊಂಡು ಕೂಡುತ್ತಾರೆ. ನಮ್ಮವರು ಪರ್ಸನ್ನೂ ಫೈಲನ್ನೂ ಹೊಟ್ಟೆಗೆ ಒತ್ತಿಕೊಂಡು ಕೂಡುತ್ತಾರೆ. ನಾನು ಎರಡೂ ಕಡೆ ಕೂಡದೆ ಬಾಗಿಲಿನಿಂದ ಔಷಧದ ಅಂಗಡಿಗೆ, ಅಂಗಡಿಯಿಂದ ಬಾಗಿಲಿಗೆ ತಿರುಗುತ್ತಿದ್ದೆ. ಹೆಸರು ಕೂಗುವ ಮೊದಲೇ ಡಾಕ್ಟರ ಕೋಣೆಯ ಪರದೆ ಹಿಡಿದು ನಿಂತಿರುತ್ತಿದ್ದೆ.

ನನ್ನ ರಕ್ತ ನೋಡಿದರು, ಸ್ಕ್ಯಾನ್ ಮಾಡಿದರು, ಗರ್ಭದೊಳಗೆ ಬಣ್ಣದ ನೀರು ಬಿಟ್ಟು ಫೋಟೋ ತೆಗೆದರು. ಶರಣುಗೂ ಪರೀಕ್ಷೆ ಬರೆದುಕೊಟ್ಟರು. ಅವನು ಪ್ಲಾಸ್ಟಿಕ್ಕಿನ ಡಬ್ಬಿ ಹಿಡಿದು ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಮುಖ ಕೆಂಪಗಿತ್ತು. "ಬಾಗಲಕ ಚಿಲಕಾನೇ ಇಲ್ಲ," ಎಂದ. ನಾನು ನಕ್ಕೆ, ಅವನೂ ನಕ್ಕ. ಆ ಪಡಸಾಲೆಯಲ್ಲಿ ನಾವಿಬ್ಬರೂ ಕೂಡಿ ನಕ್ಕದ್ದು ಅದೊಂದೇ ಸಲ.

ಎಲ್ಲ ಬಂದ ಮೇಲೆ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಇಬ್ಬರದೂ ಬರೋಬ್ಬರಿ ಅದ ಸುವರ್ಣಾ. ಯಾಕ ಆಗವಲ್ತು ಅಂತ ನನಗೂ ಹೇಳ್ಲಿಕ್ಕೆ ಬರಂಗಿಲ್ಲ."

ಏನಾದರೂ ಕೆಟ್ಟಿದೆ ಎಂದಿದ್ದರೆ ಬೈಯಲು ಒಂದು ಜಾಗವಾದರೂ ಸಿಗುತ್ತಿತ್ತು. ಎಲ್ಲವೂ ಸರಿಯಿದೆ ಅಂದರೆ ಯಾರನ್ನು ಬೈಯುವುದು? ಅವತ್ತು ವಾಡಿಯ ಪ್ಲಾಟ್‌ಫಾರ್ಮನ್ನು ಈ ತುದಿಯಿಂದ ಆ ತುದಿಗೆ ಅಳೆದೆ. ಶರಣು ಬೆಂಚಿನ ಮೇಲೆ ಕೂತು, ನಾನು ಅತ್ತ ಹೋದಾಗ ಅತ್ತ, ಇತ್ತ ಬಂದಾಗ ಇತ್ತ ನೋಡುತ್ತಿದ್ದ.

ಆ ದಿನಗಳಲ್ಲೇ ನನ್ನ ಕೈಯಿಂದ ತಟ್ಟೆ ಹೋಯಿತು. ನಮ್ಮ ಅಂಗನವಾಡಿಯಲ್ಲಿ ಬಸುರಿಯರನ್ನು ಕೂಡಿಸಿ ಸೀಮಂತ ಮಾಡುತ್ತೇವೆ. ಅರಿಶಿಣ ಕುಂಕುಮ ಹಚ್ಚಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬುವುದು ಟೀಚರ ಕೆಲಸ. ಎಷ್ಟೋ ಸಲ ನಾನೇ ತುಂಬಿದ್ದೆ. ಅಂದು ತಟ್ಟೆ ಎತ್ತಿಕೊಂಡಾಗ ಒಬ್ಬ ಹುಡುಗಿಯ ತಾಯಿ ಮೆತ್ತಗೆ, "ಟೀಚರ್, ನೀವು ದಣಿದೀರಿ, ಕುಂದ್ರಿ. ಈರಮ್ಮ ತುಂಬ್ತಾಳ," ಎಂದಳು. ಈರಮ್ಮ ನೆಲ ನೋಡಿದಳು. ನಾನು ತಟ್ಟೆ ಕೊಟ್ಟೆ, ಹಿತ್ತಲಿಗೆ ಹೋಗಿ ತೊಳೆದ ಕೊಡವನ್ನೇ ಮತ್ತೆ ತೊಳೆದೆ. ಮುಂದಿನ ತಿಂಗಳು ಯಾರೂ ಹೇಳುವ ಮೊದಲೇ ತಟ್ಟೆ ಈರಮ್ಮನ ಕೈಯಲ್ಲಿತ್ತು. ಯಾರೂ ಕೆಟ್ಟ ಮಾತಾಡಲಿಲ್ಲ. ಕೆಟ್ಟದಾಗಿ ಆಡಿದ್ದರೆ ಜಗಳವಾದರೂ ಆಡಬಹುದಿತ್ತು.

ಗಂಡನ ಬೀಜವನ್ನು ಶುದ್ಧ ಮಾಡಿ ಒಳಗೆ ಬಿಡುವ ಚಿಕಿತ್ಸೆಯೂ ಆಯಿತು. ಒಂದು ಸಲ, ಮತ್ತೊಂದು ಸಲ. ಎರಡನೆಯ ಸಲ ಮರುತಪಾಸಣೆಗೆ ಹೋಗುವಾಗ ವಾಡಿಯಲ್ಲೇ ನನಗೆ ಗೊತ್ತಾಯಿತು, ಇನ್ನು ಹೋಗಿ ಫಲವಿಲ್ಲವೆಂದು. ಶರಣುಗೆ ರಜೆ ಸಿಗದೆ ಅವತ್ತು ಒಬ್ಬಳೇ ಬಂದಿದ್ದೆ. ಹೆಂಗಸರ ತಂಗುಕೋಣೆಯಲ್ಲಿ ನಿಂತು ಗೋಡೆಗೆ ತಲೆ ಕೊಟ್ಟೆ. ಪಕ್ಕದಲ್ಲಿ ನಸೀಮಾ ಇದ್ದಳು. ಚಿಂಚೋಳಿ ಕಡೆಯವಳು, ಬಸ್ಸಿನಲ್ಲಿ ಸೇಡಂಗೆ ಬಂದು ನಮ್ಮದೇ ರೈಲು ಹಿಡಿಯುತ್ತಿದ್ದಳು, ನಮ್ಮದೇ ಡಾಕ್ಟರಿಗೆ ತೋರಿಸುತ್ತಿದ್ದಳು. ಪಡಸಾಲೆಯಲ್ಲಿ ಮುಖ ನೋಡಿದ್ದಷ್ಟೇ ಪರಿಚಯ.

"ಬಂತೇನಕ್ಕಾ?" ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ. ತನ್ನ ಚೀಲದಿಂದ ಪ್ಯಾಡ್ ತೆಗೆದು ಕೊಟ್ಟಳು, ನಾನು ಬರುವವರೆಗೂ ನನ್ನ ಫೈಲು ಹಿಡಿದು ನಿಂತಿದ್ದಳು. ಆಮೇಲೆ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಾಕಿ ಕೈಗಿಟ್ಟಳು.

"ಉಣ್ರಿ. ಅಳೋದು ಉಂಡ ಮ್ಯಾಲೂ ಬರ್ತದ."

ಆ ರೊಟ್ಟಿಯಷ್ಟು ರುಚಿಯಾದದ್ದನ್ನು ನಾನು ಆ ವರ್ಷ ತಿಂದಿರಲಿಲ್ಲ.

ಅದಾಗಿ ಕೆಲವೇ ವಾರಕ್ಕೆ ರೇಣುಕಾ ಮತ್ತೆ ಬಸುರಿ ಎಂದು ತಿಳಿಯಿತು. ಬೇಕೆಂದು ಆದದ್ದಲ್ಲ. ಅವಳು ನನ್ನಿಂದ ಮುಚ್ಚಿಟ್ಟುಕೊಂಡಳು. ಆದರೆ ಓಣಿಯ ಬಸುರಿಯರ ಹೆಸರು ಬರೆದುಕೊಳ್ಳುವವಳಿಂದ ಎಷ್ಟು ದಿನ ಮುಚ್ಚಿಡುತ್ತಾಳೆ? ನಾನೇ ಕೇಳಿದೆ. ತಪ್ಪು ಮಾಡಿದವಳಂತೆ, "ಹೌದಕ್ಕಾ," ಎಂದಳು.

ಒಂದು ಭಾನುವಾರ ಎಲ್ಲರೂ ಉಣ್ಣಲು ಕೂತಿದ್ದಾಗ ಅತ್ತೆ ರೊಟ್ಟಿ ಬಡಿಯುತ್ತಲೇ ಹೇಳಿದರು: "ಈ ಕೂಸು ಸುವರ್ಣಾನ ಉಡಿಗಿ ಹಾಕೋಣ. ರೇಣುಕಾಗ ಎರಡವ, ಸಾಕು. ಮನೀ ಕೂಸು ಮನ್ಯಾಗೇ ಇರ್ತದ."

ಉಡಿಗೆ ಹಾಕುವುದೆಂದರೆ ಕೊಟ್ಟುಬಿಡುವುದು. ನಮ್ಮ ಕಡೆ ಹಾಗೆ ಬೆಳೆದವರು ಎಷ್ಟೋ ಜನ ಇದ್ದಾರೆ. ಹಡೆದವಳು ಚಿಕ್ಕವ್ವನಾಗಿ, ಸಾಕಿದವಳು ಅವ್ವನಾಗಿ ಒಂದೇ ಮನೆಯಲ್ಲಿ ಬಾಳಿದವರನ್ನು ನಾನೇ ಕಂಡಿದ್ದೇನೆ. ಮಲ್ಲು, "ಅಣ್ಣಾಗ ಅಂದ್ರ ನನಗೇನೂ ಅಡ್ಡಿಲ್ಲ," ಎಂದ. ಶರಣು ತಟ್ಟೆಯಿಂದ ತಲೆ ಎತ್ತಲಿಲ್ಲ, ಆದರೆ ಅವನ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ರೇಣುಕಾ ಎದ್ದು ಮಜ್ಜಿಗೆ ತಂದು ಎಲ್ಲರಿಗೂ ಬಡಿಸಿದಳು.

ನನಗೆ ಆದ ಸಂತೋಷವನ್ನು ಯಾಕೆ ಮುಚ್ಚಿಡಲಿ? ಕುಣಿಯುವಷ್ಟು ಸಂತೋಷವಾಯಿತು. ಗುಳಿಗೆ ನಿಲ್ಲಿಸಿದೆ, ಶಹಾಬಾದಿಗೆ ಹೋಗುವುದನ್ನು ಬಿಟ್ಟೆ. ಕೂಸಿನ ಹೆಸರು ಆರಿಸಿದೆ, ಹೆಣ್ಣಾದರೆ ಒಂದು, ಗಂಡಾದರೆ ಒಂದು. ಸುಮ್ಮನೆ ಕೂಡುವುದು ಆಗಲೂ ಆಗಲಿಲ್ಲ. ಕಾಲು ಕಾಲಿಗೆ ಸಿಗುವಂತೆ ರೇಣುಕಾಳ ಹಿಂದೆ ತಿರುಗಿದೆ. ಕೊಡ ಎತ್ತಬೇಡ, ಬಗ್ಗಬೇಡ, ಹಾಲು ಕುಡಿ, ಸೊಪ್ಪು ತಿನ್ನು. ಅವಳು ಎಲ್ಲಕ್ಕೂ ಹೂಂ ಅಕ್ಕಾ ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತಾ ಕೂತಿದ್ದವಳು ತಟ್ಟನೆ ಹೊಟ್ಟೆಯ ಮೇಲೆ ಕೈಯಿಟ್ಟು, "ಅಕ್ಕಾ, ನಿಮ್ಮದು ಒದೀಲಿಕತ್ತದ," ಎಂದಳು.

ನಿಮ್ಮದು. ನಾನು ಓಡಿ ಹೋಗಿ ಕೈ ಇಟ್ಟೆ, ಅಂಗೈಗೆ ಒದೆ ಸಿಕ್ಕಿತು, ಕಣ್ಣು ತುಂಬಿ ಬಂತು. ಆಮೇಲೆ ಅವಳು ಹಾಗೆಯೇ ಹೇಳತೊಡಗಿದಳು. ನಿಮ್ಮದು ಇವತ್ತು ಸುಮ್ಮನದ. ನಿಮ್ಮದಕ್ಕ ಖಾರ ಆಗಿಬರವಲ್ತು. ದಿನ ಹೋದಂತೆ ನಾನು ಗಮನಿಸಿದೆ, ಅವಳು ನನ್ನದು ಎನ್ನುವುದೇ ಇಲ್ಲ. ಅಂಗನವಾಡಿಯಲ್ಲಿ ತೂಕದ ಯಂತ್ರದ ಮೇಲೆ ನಿಂತಾಗ ಬೇರೆಯವರ ಹಾಗೆ ಮುಳ್ಳು ನೋಡುವುದಿಲ್ಲ, ಬಾಗಿಲ ಕಡೆ ನೋಡುತ್ತಾಳೆ. ಒಮ್ಮೆ ಪೆಟ್ಟಿಗೆಯಿಂದ ಹಿರಿಯ ಮಗ ಕೂಸಾಗಿದ್ದಾಗ ತೊಟ್ಟ ಕುಲಾಯಿ, ಕುಂಚಿಗೆ ತೆಗೆದು ಬಿಸಿಲಿಗೆ ಹಾಕಿದವಳು ನನ್ನನ್ನು ಕಂಡು ಮತ್ತೆ ಮಡಚತೊಡಗಿದಳು. "ನೀವು ಹೊಸಾವು ಹೊಲಸ್ತೀರಿ ಅಲ್ಲಕ್ಕಾ," ಎಂದಳು. ಆ ಮಾತಿನಲ್ಲಿ ಕುಹಕವಿರಲಿಲ್ಲ. ಅದೇ ನನ್ನನ್ನು ಚುಚ್ಚಿತು, ಆದರೂ ಆಗ ನಾನು ಏನೂ ಕೇಳಲಿಲ್ಲ.

ಅತ್ತೆ ಏಳನೆಯ ತಿಂಗಳಿಗೆ ಕುಬಸದ, ಅಂದರೆ ಮನೆಯಲ್ಲಿ ಮಾಡುವ ಸೀಮಂತದ, ದಿನ ಗೊತ್ತು ಮಾಡಿದರು. ಮೂರನೆಯ ಬಸಿರಿಗೆ ಯಾರೂ ಕುಬಸ ಮಾಡುವುದಿಲ್ಲ, ಮೊದಲನೆಯದಕ್ಕಷ್ಟೇ. ಇದು ನನಗಾಗಿ. ಎರಡು ಮಣೆ ಹಾಕಿ ನನ್ನನ್ನೂ ರೇಣುಕಾಳನ್ನೂ ಜೊತೆಗೆ ಕೂರಿಸಿ, ಇಬ್ಬರಿಗೂ ಹಸಿರು ಸೀರೆ ಉಡಿಸಿ ಉಡಿ ತುಂಬುವುದು ಅವರ ಎಣಿಕೆ. ಹಾಗೆ ಓಣಿಗೆಲ್ಲ ಗೊತ್ತಾಗಲಿ, ನಾಳೆ ಯಾರೂ ಎರಡು ಮಾತಾಡದಿರಲಿ ಎಂದು.

ಕುಬಸಕ್ಕೆ ಇನ್ನೂ ಒಂದು ವಾರವಿತ್ತು. ಹಿತ್ತಲಲ್ಲಿ ನಾನು ರೇಣುಕಾಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಅವಳು ಬೆನ್ನು ನನ್ನ ಕಡೆ ಮಾಡಿ ಕೂತಿದ್ದಳು, ಮುಖ ಕಾಣುತ್ತಿರಲಿಲ್ಲ. ಬಹುಶಃ ಅದಕ್ಕೇ ಕೇಳಲು ಧೈರ್ಯ ಬಂತೋ ಏನೋ.

"ಅಕ್ಕಾ, ಒಂದು ಕೇಳ್ಲಾ? ಹಾಲು ಬಂದಾಗ ನಾ ಏನ್ ಮಾಡ್ಲಿ?"

"ಏನಂದಿ?"

"ಅತ್ತಿ ಹೇಳ್ಯಾರ, ಕೂಸಿಗಿ ನಾ ಕುಡಿಸಿದ್ರ ಮತ್ತ ಬಿಡ್ಲಿಕ್ಕ ಆಗಂಗಿಲ್ಲ, ಅದಕ ಬಾಟ್ಲಿ ಹಾಲು ಕುಡಸ್ಬೇಕಂತ. ನನಗ ಮಲ್ಲಿಗಿ ಕಟ್ಟಿದ್ರ ನಿಲ್ತಾವಂತ." ತಲೆ ತಿರುಗಿಸದೆಯೇ, "ನಿಮಗ ನಿಂತಿದ್ದವಲ್ಲ ಅಕ್ಕಾ? ಭಾಳ ತ್ರಾಸ್ ಆಗ್ತದೇನು?" ಎಂದಳು.

ನನ್ನ ಕೈ ಅವಳ ಕೂದಲಲ್ಲೇ ನಿಂತಿತು. ಅವಳು ಕೂಸು ಕೊಡುವುದಿಲ್ಲ ಎನ್ನಲಿಲ್ಲ, ಅಳಲಿಲ್ಲ, ನನ್ನನ್ನು ಹಂಗಿಸಲಿಲ್ಲ. ಮುಂದೆ ಬರುವ ನೋವು ಎಷ್ಟಿರುತ್ತದೆಂದು, ಅದನ್ನು ತಿಂದವಳೆಂದು ನನ್ನನ್ನು ಕೇಳಿದಳು. ಆ ಮನೆಯಲ್ಲಿ ಅದನ್ನು ಬಲ್ಲವಳು ನಾನೊಬ್ಬಳೇ. ನನ್ನ ಪಕ್ಕದಲ್ಲಿ ಕೂಸು ಇರಲಿಲ್ಲ, ಹಾಲು ಸುಮ್ಮನೆ ಬಂತು, ಸುಮ್ಮನೆ ಹೋಯಿತು. ಇವಳಿಗೆ ಹಾಗಲ್ಲ. ಪಕ್ಕದ ಕೋಣೆಯಲ್ಲಿ ಕೂಸು ಅಳುತ್ತಿರುತ್ತದೆ, ಎದೆ ತೋಯುತ್ತದೆ, ಮೇಲೆ ಮಲ್ಲಿಗೆ ಕಟ್ಟಿರುತ್ತದೆ.

"ನಿನ್ನ ಯಾರಾದ್ರೂ ಕೇಳಿದ್ರಾ ರೇಣು? ಕೊಡ್ತೀಯೇನು ಅಂತ?"

"ನನ್ನ ಏನ್ ಕೇಳ್ತಾರಕ್ಕಾ," ಎಂದಳು. "ನಿಮಗ ಬ್ಯಾಡ ಅನ್ಲಿಕ್ಕ ನನಗ ಬಾಯಿ ಬರ್ತದೇನು?"

ಹಗಲು ಪಾಳಿ ಮುಗಿಸಿ ಬಂದ ಶರಣುವನ್ನು ಕಾಗಿಣಾ ಹೊಳೆಯ ದಂಡೆಗೆ ಕರೆದುಕೊಂಡು ಹೋದೆ. ಮನೆಯಲ್ಲಿ ಮಾತಾಡಲು ಜಾಗವಿರಲಿಲ್ಲ. ಹೇಳಿದೆ. ಅವನು ನೀರು ನೋಡುತ್ತಾ ಕೇಳಿದ. ನೀ ಅಂದಂಗ ಆಗ್ಲಿ ಎಂದುಬಿಡುತ್ತಾನೆ, ಎಂದಿನಂತೆ, ಅಂದುಕೊಂಡಿದ್ದೆ.

"ನನಗ ಬೇಕಾಗಿತ್ತು ಸುವರ್ಣಾ," ಎಂದ. "ನೀ ತಪ್ಪಲಿ ತಿಕ್ಕತಿದ್ದಿ, ಎಲ್ಲರಿಗೂ ಕೇಳಸ್ತಿತ್ತು. ನಂದು ಯಾರಿಗೂ ಕೇಳಸ್ಲಿಲ್ಲ."

ಇಷ್ಟು ವರ್ಷ ಅವನ ಸಮಾಧಾನವನ್ನು ಕಂಡು ಉರಿದುಕೊಂಡಿದ್ದೆನಲ್ಲ, ಅದು ಸಮಾಧಾನವಾಗಿರಲಿಲ್ಲ. ಅವನ ಕೈ ಹಿಡಿದುಕೊಂಡೆ. ದಂಡೆಯ ಮೇಲೆ ಅಡ್ಡಾಡಿದೆವು, ಇಬ್ಬರೂ, ಕತ್ತಲಾಗುವವರೆಗೆ. ಮನೆಯ ಹತ್ತಿರ ಬಂದಾಗ ಅವನು, "ಮಲ್ಲ್ಯಾಗ ನಾ ಹೇಳ್ತೀನಿ, ಅವ್ವಗ ನೀ ಹೇಳು," ಎಂದ. ಅತ್ತೆಗೆ ಹೇಳಲು ನನಗೆ ಕುಬಸದ ದಿನದವರೆಗೂ ಬಾಯಿ ಬರಲಿಲ್ಲ.

ಆ ದಿನ ಮನೆಯ ಪಡಸಾಲೆಯಲ್ಲಿ ಎರಡು ಮಣೆ ಹಾಕಿತ್ತು. ರೇಣುಕಾ ಹಸಿರು ಸೀರೆಯುಟ್ಟು ಒಂದರ ಮೇಲೆ ಕೂತಿದ್ದಳು. ತಲೆ ತುಂಬ ಮಲ್ಲಿಗೆ. ಆ ವಾಸನೆಗೆ ನನ್ನ ಕಾಲು ಬಾಗಿಲ ಕಡೆಗೇ ಎಳೆಯುತ್ತಿತ್ತು. ಓಣಿಯ ಹೆಂಗಸರು ಸುತ್ತ ಸೇರಿದ್ದರು. ಅತ್ತೆ, "ಬಾ ಯವ್ವಾ, ಕುಂದರ್ ಬಾ," ಎಂದು ಎರಡನೆಯ ಮಣೆ ತೋರಿಸಿದರು. ನಾನು ಹೋಗಿ ಆ ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿದೆ.

"ಅತ್ತಿ, ಕೂಸು ಅದರ ಅವ್ವನ ಹಾಲು ಕುಡೀಲಿ. ನಾ ದೊಡ್ಡವ್ವ ಆಗ್ತೀನಿ, ನನಗ ಅಷ್ಟ ಸಾಕು," ಎಂದೆ. ಸಾಕು ಎಂದದ್ದು ಸುಳ್ಳು. ಆದರೆ ಅಲ್ಲಿ ಹೇಳಬೇಕಾದದ್ದು ಅದೇ ಆಗಿತ್ತು.

ಉಡಿ ತುಂಬುವ ತಟ್ಟೆ ನೆಲದ ಮೇಲಿತ್ತು, ನಾನು ಅದನ್ನು ಎತ್ತಿಕೊಂಡೆ. ಆಗ ಹಿರಿಯ ಹೆಂಗಸೊಬ್ಬಳು ಮೆತ್ತಗೆ ನನ್ನ ಮೊಣಕೈ ಹಿಡಿದು, "ಮೊದಲು ಮಕ್ಕಳೊಂದಿಗರು ತುಂಬ್ಲಿ, ತಂಗಿ," ಎಂದಳು. ಮಕ್ಕಳೊಂದಿಗರೆಂದರೆ ಮಕ್ಕಳಿರುವವರು. ತಟ್ಟೆ ಕೊಡಲು ನನ್ನ ಕೈ ಅಭ್ಯಾಸಬಲದಿಂದ ಅತ್ತ ಹೊರಳಿತು.

"ಅಕ್ಕಾನೇ ತುಂಬ್ಲಿ," ಎಂದಳು ರೇಣುಕಾ. ಅವಳ ದನಿ ಅಷ್ಟು ಗಟ್ಟಿಯಾಗಿ ನಾನೆಂದೂ ಕೇಳಿರಲಿಲ್ಲ. "ಇಲ್ಲಾಂದ್ರ ನಾ ಉಡಿ ಒಡ್ಡಂಗಿಲ್ಲ."

ಅವಳು ಸೆರಗು ಹಿಡಿದಳು. ನಾನು ಅಕ್ಕಿ ಹಾಕಿದೆ, ಕೊಬ್ಬರಿ ಬಟ್ಟಲು ಇಟ್ಟೆ, ಉತ್ತತ್ತಿ, ಅರಿಶಿಣ ಬೇರು, ಖಣ. ನನಗೆಂದು ತಂದಿದ್ದ ಎರಡನೆಯ ಪಾಲನ್ನೂ ಅವಳ ಸೆರಗಿಗೇ ಹಾಕಿದೆ. ಭಾರಕ್ಕೆ ಜಗ್ಗಿದ ಸೆರಗನ್ನು ಅವಳು ಎರಡೂ ಕೈಯಿಂದ ಎದೆಗೆ ಎತ್ತಿಕೊಂಡಳು.

ಅತ್ತೆ ನನ್ನ ಜೊತೆ ಮಾತು ಬಿಟ್ಟರು. "ನಿನ್ನ ಸಲುವಾಗಿ ಮಾಡ್ದೆ, ಮಂದ್ಯಾಗ ನನ್ನ ಮಾರಿ ಕಳದಿ," ಎಂದಷ್ಟೇ ಹೇಳಿ ಬಿಟ್ಟರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಎದೆಗೆ ಹೂ ಕಟ್ಟಿದ ಕೈ ಅದು. ಒಂದು ಸಲ ಉಪಕಾರವಾದ ಮದ್ದನ್ನೇ ಇನ್ನೊಂದು ಸಲವೂ ಕೊಡಹೊರಟಿದ್ದರು. ಆದರೂ ಎರಡು ತಿಂಗಳು ನಾನು ಚಹಾ ಇಟ್ಟರೆ ಅವರು ನೋಡದವರಂತೆ ಎತ್ತಿಕೊಂಡು ಕುಡಿಯುತ್ತಿದ್ದರು. ಆ ದಿನಗಳಲ್ಲಿ ನನಗೆ ಪಶ್ಚಾತ್ತಾಪವೂ ಆಯಿತು. ಕೈಗೆ ಬಂದದ್ದನ್ನು ಯಾಕೆ ಬಿಟ್ಟೆ, ನಾನೇನು ದೊಡ್ಡ ಸಾಧ್ವಿಯೇ ಎಂದು ನನ್ನನ್ನು ನಾನೇ ಬೈದುಕೊಂಡಿದ್ದೇನೆ. ಒಳ್ಳೆಯದು ಮಾಡಿದವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹೆರಿಗೆ ಸೇಡಂನಲ್ಲೇ ಆಯಿತು, ಹೆಣ್ಣು. ನರ್ಸು ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದು ಯಾರ ಕೈಗೆ ಕೊಡಲಿ ಎಂದು ಕೇಳಿದರು. ನಾನು ಹಿಂದೆ ಸರಿದು ನಿಂತಿದ್ದೆ. ಅತ್ತೆ ನನ್ನ ಕಡೆ ನೋಡದೆಯೇ, "ಅದರ ದೊಡ್ಡವ್ವನ ಕೈಯಾಗ ಕೊಡ್ರಿ," ಎಂದರು. ಬಾಗಿಲಿನಿಂದ ಮಂಚದವರೆಗೆ ನಾನು ಅದನ್ನು ಎತ್ತಿಕೊಂಡು ಹೋದೆ. ನಾನು ಅಷ್ಟು ನಿಧಾನವಾಗಿ ಎಂದೂ ನಡೆದಿಲ್ಲ. ರೇಣುಕಾಳ ಮಗ್ಗುಲಲ್ಲಿ ಮಲಗಿಸಿದೆ. ಕೂಸು ತಡಕಾಡಿ ಬಾಯಿ ಹಚ್ಚಿತು. "ಬಂದಾವಕ್ಕಾ, ಹಾಲು," ಎಂದಳು ಅವಳು ಸಂಜೆ, ನಾಚಿಕೊಂಡು. ನಾನು ಹೊರಗೆ ಹೋಗಿ ಅತ್ತು ಬಂದೆ. ಅದು ಸಂತೋಷವೋ ಹೊಟ್ಟೆಕಿಚ್ಚೋ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಎರಡೂ ಎನ್ನುತ್ತಿದ್ದೆ.

ಈಗ ಆ ಹುಡುಗಿ ನನ್ನ ಅಂಗನವಾಡಿಯಲ್ಲೇ ಬಡಬಡಿಸುತ್ತಾ ಓಡಾಡುತ್ತಾಳೆ. ಅವಳಿಗೂ ಕೂತಲ್ಲಿ ಕೂಡುವುದು ಬರುವುದಿಲ್ಲ, ಎಲ್ಲ ದೊಡ್ಡವ್ವನ ಗುಣ ಎಂದು ಅತ್ತೆ ಬೈಯುತ್ತಾರೆ. ಸೀಮಂತದ ತಟ್ಟೆ ಕೆಲವು ಸಲ ಈರಮ್ಮನ ಕೈಯಲ್ಲಿರುತ್ತದೆ, ಕೆಲವು ಸಲ ನನ್ನ ಕೈಯಲ್ಲಿ. ಎಲ್ಲರೂ ರೇಣುಕಾ ಆಗುವುದಿಲ್ಲ. ನಾನೂ ಶರಣುವೂ ಮತ್ತೆ ಶಹಾಬಾದಿಗೆ ಹೋಗತೊಡಗಿದ್ದೇವೆ. ಎಲ್ಲಿಯವರೆಗೆ ಎಂದು ಡಾಕ್ಟರಮ್ಮ ಕೇಳಿದರು. ಸಾಕು ಅನ್ನಿಸುವವರೆಗೆ ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಇನ್ನೂ ಅನ್ನಿಸಿಲ್ಲ. ತಪ್ಪಲೆ ಈಗಲೂ ತಿಕ್ಕುತ್ತೇನೆ, ಎದುರಿಗೆ ಕೂತು ಅವನೂ ಒಂದು ತಿಕ್ಕುತ್ತಾನೆ.

ಹೋದ ಸಲ ಹೋದಾಗ ಪಡಸಾಲೆಯಲ್ಲಿ ಹೊಸ ಹುಡುಗಿಯೊಬ್ಬಳಿದ್ದಳು. ಜೊತೆಗೆ ಬಂದ ಗಂಡ ಚೀಟಿ ಹಿಡಿದು ಔಷಧದ ಅಂಗಡಿಗೆ ಹೋಗಿದ್ದ. ಅವಳು ಯಾವ ಬದಿಗೂ ಕೂಡದೆ ನಡುವೆ ನಿಂತಿದ್ದಳು, ಫೈಲನ್ನು ಹೊಟ್ಟೆಗಲ್ಲ, ಎದೆಗೆ ಒತ್ತಿ ಹಿಡಿದಿದ್ದಳು. ಫೈಲಿನ ಅಂಚಿನಲ್ಲಿ ಕುಪ್ಪಸ ತೋಯ್ದದ್ದು ಕಾಣುತ್ತಿತ್ತು. ಜೊತೆಯಲ್ಲಿ ಕೂಸಿರಲಿಲ್ಲ. ನಾನು ಹೋಗಿ ನನ್ನ ಶಾಲು ಅವಳ ಹೆಗಲಿಗೆ ಹೊದಿಸಿ, ಕೈ ಹಿಡಿದು ಕಲ್ಲಿನ ಕಟ್ಟೆಯ ಮೇಲೆ ಕೂರಿಸಿದೆ.

"ಇದು ಯಾಕ ಬರ್ಲಿಕತ್ತದ್ರಿ?" ಎಂದಳು. "ನನಗೇನಾಗ್ಯದ?"

"ಏನೂ ಆಗಿಲ್ಲವ್ವಾ. ಕೂಸು ಹೋದ್ರೂ ಹಾಲು ಬರ್ತಾವ. ನನಗೂ ಬಂದಿದ್ದವು. ನಾಲ್ಕು ದಿನದಾಗ ನಿಲ್ತಾವ. ಒಳಗ ಹೋದಾಗ ಡಾಕ್ಟರಿಗೂ ಹೇಳು, ನಾಚಬ್ಯಾಡ."

ಅವಳು ನನ್ನ ಹೆಗಲಿಗೆ ತಲೆಯಿಟ್ಟಳು. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೂಗಿದರು. ಶರಣು ಎದ್ದು ನಿಂತು ನನ್ನ ಕಡೆ ನೋಡಿದ. ಮುಂದಿನವರನ್ನು ಕಳಿಸಲಿ ಎಂದು ಅವನಿಗೆ ಕೈಸನ್ನೆ ಮಾಡಿ, ನಾನು ಅಲ್ಲೇ ಕೂತೆ.